ರೋಲರ್ ಕೆಳಗೆ ಸಿಕ್ಕ ಗೇಜ್: ಮೊದಲ ಅರ್ಧ ಗಂಟೆ

(ಸೈಟ್ ಎಂಜಿನಿಯರ್‌ಗಳು, ಲ್ಯಾಬ್ ಟೆಕ್ನಿಶಿಯನ್‌ಗಳು, ಸೂಪರ್‌ವೈಸರ್‌ಗಳ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ರಸ್ತೆ, ರನ್‌ವೇ, ಅಣೆಕಟ್ಟಿನ ಏರಿ, ದೊಡ್ಡ ಕಟ್ಟಡದ ತಳಪಾಯ, ಎಲ್ಲೇ ಮಣ್ಣು ತುಂಬಿ ದಮ್ಮಸ್ಸು ಮಾಡುವ ಕೆಲಸವಿದ್ದರೂ ಆ ಮಣ್ಣು ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಅಳೆಯಲೇಬೇಕು. ಅದಕ್ಕೆ ನ್ಯೂಕ್ಲಿಯರ್ ಡೆನ್ಸಿಟಿ ಗೇಜ್ ಬಳಸುತ್ತಾರೆ. ಒಬ್ಬರು ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆ, ಮೇಲೆ ಉದ್ದನೆಯ ಹಿಡಿ. ಒಂದು ನಿಮಿಷದಲ್ಲಿ ಸಾಂದ್ರತೆ, ತೇವಾಂಶ ಎರಡನ್ನೂ ಹೇಳುತ್ತದೆ. ಬಹಳ ಉಪಯೋಗದ ಸಾಧನ, ಅದರ ವಿರುದ್ಧ ನಾನು ಮಾತಾಡಲು ಬಂದಿಲ್ಲ. ಆದರೆ ಇದು ಕೆಲಸ ಮಾಡುವ ಜಾಗ ನೋಡಿ: ಹತ್ತಾರು ಟನ್ ತೂಕದ ರೋಲರ್, ಗ್ರೇಡರ್, ಟಿಪ್ಪರ್ ಓಡಾಡುವ ನೆಲದ ಮೇಲೆಯೇ ಇದನ್ನು ಇಡಬೇಕು. ಹಾಗಾಗಿ ಇದು ಯಂತ್ರದ ಕೆಳಗೆ ಸಿಕ್ಕುವುದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯಲ್ಲ. ಗೇಜ್ ಹಾಳಾಗುವ ದಾರಿಗಳಲ್ಲಿ ಎಲ್ಲರಿಗೂ ಗೊತ್ತಿರುವ ದಾರಿಯೇ ಇದು. ಟೆಕ್ನಿಶಿಯನ್ ರೀಡಿಂಗ್ ಹಾಕಿ, ಆ ಒಂದು ನಿಮಿಷ ಸುಮ್ನೆ ನಿಲ್ಲುವ ಬದಲು ನೋಟ್‌ಬುಕ್ ತರಲು ಗಾಡಿಯ ಕಡೆ ಹೋಗುತ್ತಾರೆ. ರೋಲರ್ ಹಿಂದಕ್ಕೆ ಬರುತ್ತದೆ. ಡ್ರೈವರ್‌ಗೆ ಅಷ್ಟು ಕೆಳಗಿರುವ ಪೆಟ್ಟಿಗೆ ಕಾಣುವುದೇ ಇಲ್ಲ.

ಆಮೇಲಿನ ಹತ್ತು ನಿಮಿಷದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದೇ ಇವತ್ತಿನ ಮಾತು. ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಗೇಜ್ ಒಳಗಿನ ಎರಡೂ ಸೋರ್ಸ್, ಅಂದರೆ ವಿಕಿರಣ ಸೂಸುವ ವಸ್ತುಗಳು, ಎಲ್ಲಿವೆ ಅಂತ ಖಚಿತವಾಗಿ ಗೊತ್ತಾಗುವ ತನಕ ಆ ಜಾಗದಿಂದ ಏನೂ ಕದಲಬಾರದು. ಗೇಜ್ ಕದಲಬಾರದು, ರೋಲರ್ ಕದಲಬಾರದು, ಮಣ್ಣು ಕದಲಬಾರದು. ಅವಸರ ಮಾಡಿದ್ದರಿಂದ ಆದ ಹಾನಿ ಸೋರ್ಸ್‌ನಿಂದ ಆದ ಹಾನಿಗಿಂತ ಜಾಸ್ತಿಯಾಗುವ ಸಾಧ್ಯತೆ ಇದೆ.

ಹಾಗಾದರೆ ಒಳಗೆ ಏನಿದೆ? ಮೊದಲನೆಯದು ಸೀಸಿಯಂ-137. ಸಾಮಾನ್ಯ ಗೇಜ್‌ನಲ್ಲಿ ಸುಮಾರು 0.3 ಗಿಗಾಬೆಕ್ವೆರೆಲ್ ಇರುತ್ತದೆ (ಸೋರ್ಸ್‌ನ ಬಲ ಅಳೆಯುವ ಮಾನ ಇದು), ಹಳೆಯ ಲೆಕ್ಕದಲ್ಲಿ 8 ಮಿಲಿಕ್ಯೂರಿ. ಇದು ಕೆಳಕ್ಕೆ ಇಳಿಯುವ ಉಕ್ಕಿನ ರಾಡಿನ ತುದಿಯಲ್ಲಿ ಕೂತಿರುತ್ತದೆ. ಮಣ್ಣಿನಲ್ಲಿ ತೂತು ಹೊಡೆದು ರಾಡನ್ನು ಇಳಿಸುತ್ತೀರಿ, 30 ಸೆಂಟಿಮೀಟರ್‌ವರೆಗೂ ಹೋಗುತ್ತದೆ. ಅಲ್ಲಿಂದ ಹೊರಟ ಗಾಮಾ ಕಿರಣಗಳಲ್ಲಿ ಎಷ್ಟು ಮಣ್ಣನ್ನು ದಾಟಿ ಪೆಟ್ಟಿಗೆಯ ಇನ್ನೊಂದು ತುದಿಯ ಡಿಟೆಕ್ಟರ್ ಮುಟ್ಟುತ್ತವೆ ಅಂತ ಎಣಿಸಿದರೆ ಸಾಂದ್ರತೆ ಸಿಗುತ್ತದೆ. ಮಣ್ಣು ಗಟ್ಟಿಯಾದಷ್ಟೂ ಎಣಿಕೆ ಕಡಿಮೆ. ಎರಡನೆಯದು ಅಮೆರಿಸಿಯಂ-241 ಮತ್ತು ಬೆರಿಲಿಯಂ ಬೆರೆಸಿದ ಸೋರ್ಸ್, ಸುಮಾರು 1.5 ಗಿಗಾಬೆಕ್ವೆರೆಲ್, ಅಂದರೆ 40 ಮಿಲಿಕ್ಯೂರಿ. ಇದು ಪೆಟ್ಟಿಗೆಯ ತಳದಲ್ಲೇ ಇರುತ್ತದೆ, ರಾಡಿನ ಜೊತೆ ಇಳಿಯುವುದಿಲ್ಲ. ಅಮೆರಿಸಿಯಂನ ಆಲ್ಫಾ ಕಣ ಬೆರಿಲಿಯಂಗೆ ಬಡಿದು ನ್ಯೂಟ್ರಾನ್ ಹೊರಬರುತ್ತದೆ. ನೀರಿನಲ್ಲಿರುವ ಹೈಡ್ರೋಜನ್ ಆ ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ನಿಧಾನವಾದವನ್ನು ಎಣಿಸಿದರೆ ತೇವಾಂಶ ತಿಳಿಯುತ್ತದೆ. ಸೀಸಿಯಂ ಅರ್ಧವಾಗಲು 30 ವರ್ಷ ಬೇಕು. ಅಮೆರಿಸಿಯಂ ಅರ್ಧವಾಗಲು 432 ವರ್ಷ. ಅಂದರೆ ನೀವು ಕಟ್ಟುತ್ತಿರುವ ರಸ್ತೆಗಿಂತ ಈ ಸೋರ್ಸ್‌ಗೆ ಆಯುಷ್ಯ ಜಾಸ್ತಿ.

ಎರಡನ್ನೂ ಸ್ಟೇನ್‌ಲೆಸ್ ಸ್ಟೀಲಿನ ಪುಟ್ಟ ಕ್ಯಾಪ್ಸೂಲ್‌ನಲ್ಲಿ, ಒಂದರೊಳಗೊಂದು ಎರಡು ಪದರ ಮಾಡಿ ಬೆಸುಗೆ ಹಾಕಿರುತ್ತಾರೆ. ಈ ಬಗೆಯ ಕ್ಯಾಪ್ಸೂಲ್‌ನ ಮಾದರಿಯನ್ನು 9 ಮೀಟರ್ ಎತ್ತರದಿಂದ ಬೀಳಿಸಿ ನೋಡುತ್ತಾರೆ, 800 ಡಿಗ್ರಿ ಸೆಲ್ಸಿಯಸ್‌ನಲ್ಲಿ 10 ನಿಮಿಷ ಕಾಯಿಸಿ ನೋಡುತ್ತಾರೆ, ಆಗಲೂ ಸೋರಬಾರದು. ಹಾಗಾಗಿ ರೋಲರ್ ಹತ್ತಿದಾಗ ಪ್ಲಾಸ್ಟಿಕ್ ಹೊದಿಕೆ ಪುಡಿಯಾಗುತ್ತದೆ, ಡಿಸ್ಪ್ಲೇ ಚೂರಾಗುತ್ತದೆ, ರಾಡ್ ಬಾಗುತ್ತದೆ, ಆದರೆ ಕ್ಯಾಪ್ಸೂಲ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಉಳಿಯುತ್ತದೆ. ಇದು ಸಮಾಧಾನದ ಮಾತು. ಆದರೆ ಕ್ಯಾಪ್ಸೂಲ್ ಗಟ್ಟಿಯಾಗಿರುವುದು ಬೇರೆ, ಅದರ ಸುತ್ತಲಿನ ಸೀಸ ಅಥವಾ ಟಂಗ್‌ಸ್ಟನ್ ರಕ್ಷಣೆ ಗಟ್ಟಿಯಾಗಿರುವುದು ಬೇರೆ. ರಾಡ್ ಹೊರಗೇ ಸಿಕ್ಕಿಕೊಂಡರೆ ಅಥವಾ ಅದರ ಬಾಯಿ ಮುಚ್ಚುವ ಶಟರ್ ಕಿತ್ತುಹೋದರೆ, ಸೀಸಿಯಂ ಬರಿಮೈಯಲ್ಲಿ ಬಿದ್ದಿದೆ ಅಂತಲೇ ತಿಳಿಯಬೇಕು.

ಬರಿಮೈಯಲ್ಲಿದ್ದರೆ ಎಷ್ಟು ಅಪಾಯ? ಲೆಕ್ಕ ಮಾಡೋಣ. 0.3 ಗಿಗಾಬೆಕ್ವೆರೆಲ್ ಸೀಸಿಯಂನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 25 ಮೈಕ್ರೋಸೀವರ್ಟ್ (ಮೈಗೆ ತಗುಲುವ ವಿಕಿರಣ ಅಳೆಯುವ ಮಾನ ಇದು). ದೂರ ಎರಡು ಪಟ್ಟಾದರೆ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಐದು ಪಟ್ಟಾದರೆ ಇಪ್ಪತ್ತೈದನೇ ಒಂದು ಭಾಗಕ್ಕೆ. ಹಾಗಾಗಿ 5 ಮೀಟರ್‌ನಲ್ಲಿ ಗಂಟೆಗೆ ಬರೀ 1 ಮೈಕ್ರೋಸೀವರ್ಟ್. ಜನಸಾಮಾನ್ಯರಿಗೆ ಇಟ್ಟಿರುವ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್, ಅಂದರೆ 1000 ಮೈಕ್ರೋಸೀವರ್ಟ್. ಅಷ್ಟು ತಗುಲಬೇಕಾದರೆ ನೀವು ಅಲ್ಲಿ ಸಾವಿರ ಗಂಟೆ ನಿಂತಿರಬೇಕು. ಈಗ ಹತ್ತಿರಕ್ಕೆ ಬನ್ನಿ. 10 ಸೆಂಟಿಮೀಟರ್‌ನಲ್ಲಿ ಗಂಟೆಗೆ ಎರಡೂವರೆ ಮಿಲಿಸೀವರ್ಟ್, ಅಂದರೆ ಇಡೀ ವರ್ಷದ ಮಿತಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. 1 ಸೆಂಟಿಮೀಟರ್‌ಗೆ ಬಂದರೆ ಗಂಟೆಗೆ ಸುಮಾರು 250 ಮಿಲಿಸೀವರ್ಟ್. ಯಾರೋ ಹೊಳೆಯುವ ಚೂರು ಅಂತ ಎತ್ತಿ ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಒಂದು ಶಿಫ್ಟ್ ಪೂರ್ತಿ ಓಡಾಡಿದರೆ ತೊಡೆಯ ಚರ್ಮ ಕೆಂಪಾಗುವಷ್ಟು ವಿಕಿರಣ ಆ ಒಂದು ಜಾಗಕ್ಕೇ ಬೀಳುತ್ತದೆ.

ಅದೇ ಸೋರ್ಸ್, ಅದೇ ದಿನ. ಐದು ಮೀಟರ್‌ನಲ್ಲಿ ನಿಂತವನಿಗೆ ಏನೂ ಆಗುವುದಿಲ್ಲ, ಜೇಬಿಗೆ ಹಾಕಿಕೊಂಡವನಿಗೆ ಗಾಯವಾಗುತ್ತದೆ. ಬ್ರೆಜಿಲ್‌ನ ಗೊಯಾನಿಯಾದಲ್ಲಿ 1987ರಲ್ಲಿ ನಡೆದ ದುರಂತದ ಬಗ್ಗೆ ಕೆಲವರು ಕೇಳಿರಬಹುದು, ನಾಲ್ಕು ಜನ ಸತ್ತರು. ಅದೂ ಸೀಸಿಯಂ-137, ಆದರೆ ಆಸ್ಪತ್ರೆಯ ಚಿಕಿತ್ಸಾ ಯಂತ್ರದ್ದು. ನಮ್ಮ ಗೇಜ್‌ಗಿಂತ ಒಂದೂವರೆ ಲಕ್ಷ ಪಟ್ಟಿಗೂ ಹೆಚ್ಚು, ಜೊತೆಗೆ ಅದನ್ನು ಒಡೆದು ಪುಡಿಯನ್ನು ಕೈಯಿಂದ ಕೈಗೆ ಹಂಚಿದ್ದರು. ಆ ಭಯವನ್ನು ಇಲ್ಲಿಗೆ ತಂದು ಸೈಟ್ ಬಿಟ್ಟು ಓಡಿಹೋಗುವುದೂ ತಪ್ಪು, ಏನೂ ಆಗಲ್ಲ ಬಿಡಿ ಅಂತ ಕೈಹಾಕುವುದೂ ತಪ್ಪು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವಿಕಿರಣ ಸೋರ್ಸ್‌ಗಳನ್ನು ಐದು ವರ್ಗ ಮಾಡಿದೆ, ಒಂದನೆಯದು ಅತಿ ಅಪಾಯದ್ದು. ಡೆನ್ಸಿಟಿ ಗೇಜ್ ನಾಲ್ಕನೇ ವರ್ಗದಲ್ಲಿ ಬರುತ್ತದೆ. ಅಪಾಯ ಎಷ್ಟಿದೆಯೋ ಅಷ್ಟಕ್ಕೆ ತಕ್ಕ ಎಚ್ಚರ ಇದ್ದರೆ ಸಾಕು.

ಸರಿ, ರೋಲರ್ ಹತ್ತಿತು. ಈಗ?

ಕೂಗಿ ರೋಲರ್ ನಿಲ್ಲಿಸಿ. ಎಂಜಿನ್ ಆಫ್ ಮಾಡಿಸಿ. ಡ್ರೈವರ್ ಗೇಜ್ ಇಲ್ಲದ ಕಡೆಯಿಂದ ಇಳಿಯಲಿ. ಇಲ್ಲಿ ಡ್ರೈವರ್‌ಗೆ ಸಹಜವಾಗಿ ಬರುವ ಯೋಚನೆ ಏನು? ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತೆಗೆದು ಏನಾಗಿದೆ ನೋಡೋಣ ಅಂತ. ಅದೇ ಬೇಡ. ಡ್ರಮ್‌ಗೋ ಟೈರಿಗೋ ಮಣ್ಣಿನ ಜೊತೆ ಕ್ಯಾಪ್ಸೂಲ್ ಅಂಟಿಕೊಂಡಿದ್ದರೆ ಅದನ್ನು ನೀವೇ ಹತ್ತು ಮಾರು ಆಚೆ ಒಯ್ದು ಇನ್ನೆಲ್ಲೋ ಹೂತಂತಾಯಿತು. ಆಮೇಲೆ ಹುಡುಕುವವರು ಗೇಜ್ ಬಿದ್ದ ಜಾಗದಲ್ಲೇ ಹುಡುಕುತ್ತಿರುತ್ತಾರೆ. ಒಂದು ವಿನಾಯಿತಿ ಇದೆ. ಯಾರಾದರೂ ಗಾಯಗೊಂಡಿದ್ದರೆ, ಯಂತ್ರದ ಕೆಳಗೆ ಸಿಕ್ಕಿದ್ದರೆ, ಮೊದಲು ಅವರನ್ನು ಹೊರಗೆ ತೆಗೆಯಿರಿ. ವಿಕಿರಣದ ಹೆಸರಿನಲ್ಲಿ ರಕ್ತ ಸುರಿಯುವ ಮನುಷ್ಯನನ್ನು ಕಾಯಿಸಬೇಡಿ. ನಾನು ಈಗಷ್ಟೇ ಹೇಳಿದ ಲೆಕ್ಕವನ್ನೇ ನೆನಪಿಡಿ, ಕೆಲವು ನಿಮಿಷ ಹತ್ತಿರ ಹೋಗಿ ಒಬ್ಬರನ್ನು ಎಳೆದು ತಂದರೆ ಎಳೆದವರಿಗೆ ಲೆಕ್ಕಕ್ಕೆ ಬರುವಂಥದ್ದೇನೂ ಆಗುವುದಿಲ್ಲ.

ಆಮೇಲೆ ಜನರನ್ನು ದೂರ ಮಾಡಿ. ಈ ಗಾತ್ರದ ಗೇಜ್‌ಗೆ ಸುತ್ತ 5 ಮೀಟರ್ ಸಾಕು ಅಂತ ಹಲವು ಕೈಪಿಡಿಗಳು ಹೇಳುತ್ತವೆ. ಸೋರ್ಸ್ ಯಾವುದು ಅಂತಲೇ ಗೊತ್ತಿಲ್ಲದಿದ್ದಾಗ, ಅಪಾಯದ ಸೋರ್ಸ್ ಇರಬಹುದು ಅನ್ನಿಸಿದಾಗ ಅಂತರರಾಷ್ಟ್ರೀಯ ಸಂಸ್ಥೆ ಹೇಳುವುದು 30 ಮೀಟರ್. ಜಾಗ ಇದ್ದರೆ ಜಾಸ್ತಿಯೇ ಬಿಡಿ, ಅದಕ್ಕೇನೂ ಖರ್ಚಿಲ್ಲ. ಟೇಪ್ ಕಟ್ಟಿ, ಕೋನ್ ಇಡಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ. ಕಾವಲು ಬಹಳ ಮುಖ್ಯ, ಯಾಕೆಂದರೆ ಊಟದ ಸಮಯ ಮುಗಿಸಿ ಬಂದ ಇನ್ನೊಂದು ತಂಡಕ್ಕೆ ಏನೂ ಗೊತ್ತಿರುವುದಿಲ್ಲ, ಟೇಪ್ ಎತ್ತಿ ನಡೆದೇಬಿಡುತ್ತಾರೆ.

ಅಪಘಾತದ ಹೊತ್ತಿನಲ್ಲಿ ಹತ್ತಿರ ಇದ್ದವರನ್ನೆಲ್ಲ, ಮುಖ್ಯವಾಗಿ ಡ್ರೈವರ್ ಮತ್ತು ಟೆಕ್ನಿಶಿಯನ್ ಅನ್ನು, ಟೇಪಿನ ಹೊರಗೆ ಒಂದೇ ಕಡೆ ಕೂರಿಸಿ, ಹೆಸರು ಬರೆದುಕೊಳ್ಳಿ. ಮನೆಗೆ ಕಳಿಸಬೇಡಿ. ಅವರ ಬೂಟು, ಕೈ, ಬಟ್ಟೆಯನ್ನು ವಿಕಿರಣ ಅಳೆಯುವ ಸರ್ವೆ ಮೀಟರ್‌ನಲ್ಲಿ ನೋಡಿಸಿಕೊಂಡೇ ಹೋಗಲಿ. ಇಲ್ಲಿ ಒಂದು ಗೊಂದಲ ಬಿಡಿಸಬೇಕು. ವಿಕಿರಣ ಮೈಮೇಲೆ ಬೀಳುವುದು ಟಾರ್ಚ್ ಬೆಳಕು ಬಿದ್ದ ಹಾಗೆ, ಟಾರ್ಚ್ ಆಚೆ ಹೋದರೆ ನಿಮ್ಮ ಮೈಮೇಲೆ ಬೆಳಕು ಉಳಿಯುವುದಿಲ್ಲ, ನಿಮ್ಮನ್ನು ಮುಟ್ಟಿದವರಿಗೆ ಅಂಟುವುದೂ ಇಲ್ಲ. ಆದರೆ ಕ್ಯಾಪ್ಸೂಲ್ ಒಡೆದು ಒಳಗಿನ ವಸ್ತು ಹೊರಬಂದಿದ್ದರೆ ಮಾತು ಬೇರೆ. ಆಗ ಅದು ಬೂಟಿಗೆ, ಟೈರಿಗೆ, ಬೆರಳಿಗೆ ಅಂಟಿ ಹೋದಲ್ಲೆಲ್ಲ ಹೋಗುತ್ತದೆ. ಹೀಗಾಗುವುದು ಅಪರೂಪ. ಆದರೆ ಆಗಿಲ್ಲ ಅಂತ ಪರೀಕ್ಷೆ ಹೇಳುವ ತನಕ, ಆಗಿದೆ ಅಂತಲೇ ನಡೆದುಕೊಳ್ಳಬೇಕು. ಆ ಜಾಗದಲ್ಲಿ ಇದ್ದವರು ಕೈ ತೊಳೆಯದೆ ತಿನ್ನುವುದು, ಕುಡಿಯುವುದು, ಬೀಡಿ ಸಿಗರೇಟು ಸೇದುವುದು ಬೇಡ. ಅಮೆರಿಸಿಯಂ ಮೈಯ ಹೊರಗಿದ್ದಾಗ ಅದರ ಆಲ್ಫಾ ಕಣ ಚರ್ಮವನ್ನೂ ದಾಟುವುದಿಲ್ಲ, ಆದರೆ ಉಸಿರಿನಲ್ಲೋ ಬಾಯಿಂದಲೋ ಒಳಗೆ ಹೋದರೆ ಮೂಳೆ, ಯಕೃತ್ತಿನಲ್ಲಿ ಸೇರಿಕೊಂಡು ವರ್ಷಾನುಗಟ್ಟಲೆ ಕೂತುಬಿಡುತ್ತದೆ.

ಈಗ ಫೋನ್. ರೇಡಿಯೇಷನ್ ಸೇಫ್ಟಿ ಆಫೀಸರ್‌ಗೆ, ಅಂದರೆ ವಿಕಿರಣ ಸುರಕ್ಷತೆಯ ಹೊಣೆ ಇರುವ ಅಧಿಕಾರಿಗೆ, ಮೊದಲ ಕರೆ. ಅವರ ನಂಬರ್ ಟೆಕ್ನಿಶಿಯನ್ ಮೊಬೈಲ್‌ನಲ್ಲಿ ಮಾತ್ರ ಇದ್ದು, ಆ ಮೊಬೈಲ್ ಗೇಜ್ ಪಕ್ಕದಲ್ಲೇ ಬಿದ್ದಿದ್ದರೆ? ಅದಕ್ಕೇ ನಂಬರ್ ಸೈಟ್ ಆಫೀಸಿನ ಗೋಡೆಯ ಮೇಲೂ ಇರಬೇಕು, ಗಾಡಿಯೊಳಗೂ ಇರಬೇಕು. ಕರೆ ಮಾಡಿದಾಗ "ಸರ್, ಗೇಜ್ ಹಾಳಾಗಿದೆ" ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಗೇಜ್‌ನ ಮಾಡೆಲ್, ಸೀರಿಯಲ್ ನಂಬರ್ ಹೇಳಿ. ಡಿಕ್ಕಿಯಾದಾಗ ರಾಡ್ ಕೆಳಗಿತ್ತಾ ಮೇಲಿತ್ತಾ ಹೇಳಿ. ಇದು ಎಲ್ಲಕ್ಕಿಂತ ಬೆಲೆಯುಳ್ಳ ಮಾಹಿತಿ, ಟೆಕ್ನಿಶಿಯನ್‌ಗೆ ಮಾತ್ರ ಗೊತ್ತಿರುತ್ತದೆ, ಗಾಬರಿಯಲ್ಲಿ ಹತ್ತು ನಿಮಿಷಕ್ಕೆ ಮರೆತೂ ಹೋಗುತ್ತದೆ. ಅದಕ್ಕೇ ತಕ್ಷಣ ಬರೆದಿಡಿ. ಆಮೇಲೆ ದೂರದಲ್ಲೇ ನಿಂತು ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಫೋಟೋ ತೆಗೆದು ಕಳಿಸಿ. ರಾಡ್ ಕಾಣುತ್ತಿದೆಯಾ, ತುದಿ ಇದೆಯಾ, ಪೆಟ್ಟಿಗೆಯ ತಳ ಒಡೆದಿದೆಯಾ, ಫೋಟೋದಲ್ಲೇ ಅರ್ಧ ಉತ್ತರ ಸಿಗುತ್ತದೆ. ದೇಶದ ವಿಕಿರಣ ನಿಯಂತ್ರಣ ಸಂಸ್ಥೆಗೆ ತಿಳಿಸುವುದು ಸಾಮಾನ್ಯವಾಗಿ ಅಧಿಕಾರಿಯ ಕೆಲಸ. ಆದರೆ ಅವರು ಸಿಗದೇ ಹೋದರೆ ಕಾಯುತ್ತಾ ಕೂರಬೇಡಿ, ನೀವೇ ತಿಳಿಸಿ.

ಸರ್ವೆ ಮೀಟರ್ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಇಲ್ಲೇ. ಮೀಟರ್ ಹಿಡಿದು ನೇರ ಗೇಜ್ ಹತ್ತಿರ ಹೋಗಬಾರದು. ಮೊದಲು ಬ್ಯಾಟರಿ ನೋಡಿ, ದೂರದಲ್ಲಿ ಆನ್ ಮಾಡಿ, ಆ ಜಾಗದ ಸಹಜ ರೀಡಿಂಗ್ ಬರೆದುಕೊಳ್ಳಿ. ಸಾಮಾನ್ಯವಾಗಿ ಗಂಟೆಗೆ 0.1 ಮೈಕ್ರೋಸೀವರ್ಟ್ ಆಸುಪಾಸು ಇರುತ್ತದೆ. ಆಮೇಲೆ ಮೀಟರ್ ನೋಡುತ್ತಲೇ ನಿಧಾನವಾಗಿ ಮುಂದೆ ಹೋಗಬೇಕು. ಗಂಟೆಗೆ 100 ಮೈಕ್ರೋಸೀವರ್ಟ್ ತೋರಿಸಿದ ಕಡೆ ನಿಲ್ಲಿ, ಅಲ್ಲಿಂದ ಮುಂದೆ ಪರಿಣತರಿಗೆ ಬಿಟ್ಟು ಬೇರೆಯವರಿಗೆ ಪ್ರವೇಶವಿಲ್ಲ.

ಚೆನ್ನಾಗಿರುವ ಗೇಜ್ ಎಷ್ಟು ತೋರಿಸಬೇಕು ಅನ್ನುವುದಕ್ಕೂ ಒಂದು ಸುಳಿವು ಇದೆ. ಸಾಗಣೆ ಪೆಟ್ಟಿಗೆಯ ಹಳದಿ ಲೇಬಲ್ ಮೇಲೆ ಟ್ರಾನ್ಸ್‌ಪೋರ್ಟ್ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ. ಉದಾಹರಣೆಗೆ 0.6. ಅದನ್ನು ಹತ್ತರಿಂದ ಗುಣಿಸಿದರೆ, ಪೆಟ್ಟಿಗೆಯಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಗರಿಷ್ಠ ಎಷ್ಟು ಮೈಕ್ರೋಸೀವರ್ಟ್ ಇರುತ್ತದೆ ಅನ್ನುವುದು ಬರುತ್ತದೆ, ಇಲ್ಲಿ 6. ಜಜ್ಜಿದ ಗೇಜ್‌ನಿಂದ ಒಂದು ಮೀಟರ್‌ನಲ್ಲಿ ಇದರ ಹತ್ತಿರದ ಅಂಕಿ ಬಂದರೆ ರಕ್ಷಣೆ ಬಹುಶಃ ಉಳಿದಿದೆ. 20, 25 ಬಂದರೆ ಸೀಸಿಯಂ ಹೊರಗಿದೆ.

ತೀರಾ ಕಡಿಮೆ ಬಂದರೆ? ಅಬ್ಬಾ, ಏನೂ ಇಲ್ಲ ಅಂತ ನಿಟ್ಟುಸಿರು ಬಿಡುವವರೇ ಹೆಚ್ಚು. ನಾನು ಹೆದರುವುದು ಆ ರೀಡಿಂಗ್‌ಗೇ. ಚೆನ್ನಾಗಿರುವ ಗೇಜ್ ಕೂಡ ಹತ್ತಿರ ಹೋದರೆ ಸ್ವಲ್ಪ ತೋರಿಸಲೇಬೇಕು. ಬರೀ ಸಹಜ ರೀಡಿಂಗ್ ಬರುತ್ತಿದೆ ಅಂದರೆ ಒಂದೋ ಮೀಟರ್ ಕೆಟ್ಟಿದೆ, ಇಲ್ಲವೇ ಸೋರ್ಸ್ ಅಲ್ಲಿ ಇಲ್ಲ. ಅದು ಎಲ್ಲಿ ಹೋಯಿತು?

ಇದನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾಡ್ 20 ಸೆಂಟಿಮೀಟರ್ ಕೆಳಗಿದೆ. ರೋಲರ್ ಡ್ರಮ್ ಬದಿಯಿಂದ ಬಂದು ಪೆಟ್ಟಿಗೆಗೆ ಗುದ್ದುತ್ತದೆ. ಪೆಟ್ಟಿಗೆ ಪಕ್ಕಕ್ಕೆ ಜಾರುತ್ತದೆ, ಆದರೆ ರಾಡನ್ನು ಮಣ್ಣು ಹಿಡಿದುಕೊಂಡಿದೆ. ರಾಡ್ ಪೆಟ್ಟಿಗೆಯ ತಳದ ಹತ್ತಿರವೇ ಮುರಿಯುತ್ತದೆ. ಮೇಲೆ ನಿಂತು ನೋಡುವವರಿಗೆ ಕಾಣುವುದು ಪುಡಿಯಾದ ಪ್ಲಾಸ್ಟಿಕ್, ವಾಲಿದ ಹಿಡಿ, ಒಂದಿಷ್ಟು ತಂತಿ. ರಾಡಿನ ತುದಿ, ಅದರೊಳಗಿನ ಸೀಸಿಯಂ ಸಮೇತ, ತೂತಿನ ತಳದಲ್ಲಿ ಉಳಿದಿದೆ, ಮೇಲೆ ಡ್ರಮ್ ಹಾದು ತೂತಿನ ಬಾಯಿಯೂ ಮುಚ್ಚಿಹೋಗಿದೆ. ಮಣ್ಣು ಅಡ್ಡ ಇರುವುದರಿಂದ ಮೀಟರ್ ಕೂಡ ಮೇಲೆ ಜೋರಾಗಿ ಕೂಗುವುದಿಲ್ಲ. ಈ ಹೊತ್ತಿಗೆ ಯಾರಾದರೂ ಚೂರುಗಳನ್ನೆಲ್ಲ ಗುಡಿಸಿ ಪೆಟ್ಟಿಗೆಗೆ ತುಂಬಿ, ಜಾಗ ಸಾಫ್ ಮಾಡಿ, ಗ್ರೇಡರ್ ಓಡಿಸಿದರೆ ಆ ಕ್ಯಾಪ್ಸೂಲ್ ಯಾವ ಲೋಡ್ ಮಣ್ಣಿನ ಜೊತೆ ಯಾವ ಕಡೆ ಹೋಗುತ್ತದೋ ದೇವರಿಗೇ ಗೊತ್ತು. ಏನೂ ಕದಲಬಾರದು ಅಂತ ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ.

ಇನ್ನೊಂದು ಮಿತಿಯೂ ತಿಳಿದಿರಲಿ. ಸಾಮಾನ್ಯ ಗಾಮಾ ಮೀಟರ್ ನ್ಯೂಟ್ರಾನ್ ಕಾಣುವುದಿಲ್ಲ. ಅಮೆರಿಸಿಯಂ ಸೋರ್ಸ್ ಪೆಟ್ಟಿಗೆಯ ತಳದಲ್ಲೇ ಇದೆಯಾ ಅಂತ ಕಣ್ಣಿನಿಂದ ನೋಡಬೇಕು ಅಥವಾ ನ್ಯೂಟ್ರಾನ್ ಮೀಟರ್ ತರಿಸಬೇಕು. ಸೀಸಿಯಂ ಸಿಕ್ಕಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಎರಡೂ ಸಿಗಬೇಕು.

ತೆಗೆಯುವ ಕೆಲಸ ಅಧಿಕಾರಿ ಮತ್ತು ತರಬೇತಿ ಪಡೆದವರದ್ದು, ಆದರೂ ಹೇಗೆ ಮಾಡುತ್ತಾರೆ ಅಂತ ನಿಮಗೆ ಗೊತ್ತಿದ್ದರೆ ನೀವು ಅಡ್ಡ ಬರುವುದಿಲ್ಲ, ಸಹಾಯವೂ ಮಾಡಬಹುದು. ಬಾಗಿದ ರಾಡನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿ ಒಳಗೆ ತಳ್ಳುವುದು ಖಂಡಿತ ಇಲ್ಲ. ಉದ್ದನೆಯ ಇಕ್ಕಳ, ಸಲಿಕೆ, ಅಂದರೆ ಕೈಗೂ ಸೋರ್ಸ್‌ಗೂ ಆದಷ್ಟು ಅಂತರ ಕೊಡುವ ಯಾವುದಾದರೂ ಸಾಧನ ಬಳಸುತ್ತಾರೆ. ಸೀಸದ ಡಬ್ಬ ಬರುವ ತನಕ ಮರಳು ತುಂಬಿದ ಡ್ರಮ್ ಒಳಗೆ ರಾಡಿನ ತುದಿ ಕೆಳಗಾಗುವಂತೆ ಇಡುವುದುಂಟು. ಸೀಸಿಯಂ ಗಾಮಾವನ್ನು ಅರ್ಧಕ್ಕೆ ಇಳಿಸಲು ಸುಮಾರು ಆರೂವರೆ ಮಿಲಿಮೀಟರ್ ಸೀಸ ಸಾಕು, ಕಾಂಕ್ರೀಟ್ ಆದರೆ 5 ಸೆಂಟಿಮೀಟರ್‌ನಷ್ಟು ಬೇಕು. ಮರಳಿನ ಪದರ ದಪ್ಪ ಇದ್ದರೆ ಅದೂ ಒಳ್ಳೆಯ ಅಡ್ಡಗೋಡೆಯೇ. ಮಾಡುವ ಕೆಲಸವನ್ನು ಮೊದಲು ದೂರದಲ್ಲಿ ಖಾಲಿ ಕಬ್ಬಿಣದ ತುಂಡಿನ ಮೇಲೆ ಅಭ್ಯಾಸ ಮಾಡಿ, ಆಮೇಲೆ ಹೋಗಿ ಒಂದೇ ಸಲಕ್ಕೆ ಮುಗಿಸಿ ಬರುವುದು ಜಾಣತನ. ಹತ್ತಿರ ನಿಂತು ಚರ್ಚೆ ಮಾಡಬಾರದು, ಚರ್ಚೆ ಎಲ್ಲ ಟೇಪಿನ ಹೊರಗೆ.

ಸೋರ್ಸ್ ಮರಳಿನ ಡ್ರಮ್ ಸೇರಿದ ಮೇಲೆ ಆ ನೆಲ, ರೋಲರ್ ಡ್ರಮ್, ಸಲಿಕೆ, ಬೂಟು ಎಲ್ಲವನ್ನೂ ಮತ್ತೆ ಮೀಟರ್‌ನಲ್ಲಿ ನೋಡಬೇಕು, ಎಲ್ಲ ಕಡೆ ಸಹಜ ರೀಡಿಂಗ್ ಬರಬೇಕು. ಅದರ ಜೊತೆ ವೈಪ್ ಟೆಸ್ಟ್, ಅಂದರೆ ಹತ್ತಿಯಿಂದ ಒರೆಸಿ ಲ್ಯಾಬಿನಲ್ಲಿ ನೋಡುವುದು. ಕ್ಯಾಪ್ಸೂಲ್ ಸೋರುತ್ತಿದೆಯಾ ಅನ್ನುವುದಕ್ಕೆ ಉತ್ತರ ಇದರಲ್ಲೇ ಇರುವುದು. 185 ಬೆಕ್ವೆರೆಲ್ ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸೋರುತ್ತಿದೆ ಅಂತ ಲೆಕ್ಕ. ಒಳಗಿರುವ ಕೋಟ್ಯಂತರ ಬೆಕ್ವೆರೆಲ್ ಮುಂದೆ ಇದು ಎಷ್ಟು ಚಿಕ್ಕದು ಅಂತ ಗಮನಿಸಿ, ಕಣ್ಣಿಗೆ ಕಾಣುವ ಪ್ರಶ್ನೆಯೇ ಇಲ್ಲ. ಟೆಕ್ನಿಶಿಯನ್ ಎದೆಯ ಮೇಲಿನ, ತಗುಲಿದ ವಿಕಿರಣ ದಾಖಲಿಸುವ ಬ್ಯಾಡ್ಜ್ ಕೂಡ ತಿಂಗಳ ಕೊನೆ ತನಕ ಕಾಯದೆ ತಕ್ಷಣ ಓದಿಸಲು ಕಳಿಸಿ.

ಬೆಂಕಿಯ ಬಗ್ಗೆ ಎರಡೇ ಮಾತು. ಗೇಜ್ ಇದ್ದ ಗಾಡಿಗೆ ಬೆಂಕಿ ಬಿದ್ದರೆ ಕ್ಯಾಪ್ಸೂಲ್ ತಡೆದುಕೊಳ್ಳಬಹುದು, ಆದರೆ ಸೀಸ 327 ಡಿಗ್ರಿಗೇ ಕರಗಿ ಹರಿದುಹೋಗುತ್ತದೆ. ಅಗ್ನಿಶಾಮಕದವರಿಗೆ ಒಳಗೆ ಏನಿದೆ ಅಂತ ಮೊದಲೇ ಹೇಳಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯ. ಮುಚ್ಚಿಡುವುದು.

ಗೇಜ್ ಜಜ್ಜಿದ ಟೆಕ್ನಿಶಿಯನ್‌ಗೆ ಮೊದಲು ಬರುವ ಭಯ ವಿಕಿರಣದ್ದಲ್ಲ, ಕೆಲಸ ಹೋಗುತ್ತದೆ ಅನ್ನುವುದು. ಚೂರುಗಳನ್ನು ಪೆಟ್ಟಿಗೆಗೆ ತುಂಬಿ ಬೀಗ ಹಾಕಿ ಸ್ಟೋರಿನಲ್ಲಿ ಇಟ್ಟುಬಿಡುವ ಆಸೆ ಆಗುತ್ತದೆ. ಆ ಮನುಷ್ಯನನ್ನು ನಾನು ದೂರುವುದಿಲ್ಲ. ದೂರುವುದು, ಹಾಗೆ ಹೆದರುವಂತೆ ಮಾಡಿದ ಸೈಟಿನ ಮೇಲಿನವರನ್ನು. ಬಂದು ಹೇಳಿದವನಿಗೆ ಮೊದಲ ಮಾತೇ ಬೈಗುಳವಾದರೆ ಮುಂದಿನ ಸಲ ಯಾರೂ ಬಂದು ಹೇಳುವುದಿಲ್ಲ, ಅಷ್ಟೇ ಅಲ್ವಾ?

ಕಳೆದ ಸೋರ್ಸ್ ಎಲ್ಲಿಗೆ ಹೋಗಬಹುದು ಅನ್ನುವುದಕ್ಕೆ ಯುಕ್ರೇನಿನ ಕ್ರಮಟೋರ್ಸ್ಕ್ ಸಾಕ್ಷಿ. 1970ರ ದಶಕದ ಕೊನೆಯಲ್ಲಿ ಅದೇ ಪ್ರಾಂತ್ಯದ ಒಂದು ಕಲ್ಲು ಕ್ವಾರಿಯಲ್ಲಿ ಅಳತೆ ಸಾಧನದ ಸೀಸಿಯಂ-137 ಕ್ಯಾಪ್ಸೂಲ್ ಕಳೆದುಹೋಯಿತು. ಹುಡುಕಿದರು, ಸಿಗಲಿಲ್ಲ. ಆ ಕ್ವಾರಿಯ ಜಲ್ಲಿ ಕಾಂಕ್ರೀಟ್ ಆಯಿತು, ಕಾಂಕ್ರೀಟ್ ಗೋಡೆಯ ಪ್ಯಾನೆಲ್ ಆಯಿತು, 1980ರಲ್ಲಿ ಆ ಪ್ಯಾನೆಲ್ ಒಂದು ವಸತಿ ಕಟ್ಟಡದ ಗೋಡೆಯಾಯಿತು. ಗೋಡೆಯ ಪಕ್ಕ ಮಕ್ಕಳು ಮಲಗುತ್ತಿದ್ದರು. ಲ್ಯೂಕೇಮಿಯಾದಿಂದ ಸಾವುಗಳಾದವು, ಒಂದು ಕುಟುಂಬದ ನಂತರ ಇನ್ನೊಂದು ಕುಟುಂಬ ಬಂತು, ಅಲ್ಲೂ ಸಾವಾಯಿತು. 1989ರಲ್ಲಿ ವಿಕಿರಣ ಅಳೆದ ಮೇಲೆಯೇ ಗೋಡೆಯೊಳಗೆ ಏನಿದೆ ಅಂತ ಗೊತ್ತಾಗಿದ್ದು. ಬೆರಳ ತುದಿಯಷ್ಟೂ ಇಲ್ಲದ ಒಂದು ಲೋಹದ ಚೂರು. ಅದು ನಮ್ಮ ಗೇಜ್‌ಗಿಂತ ಎಷ್ಟೋ ಬಲವಾದ ಸೋರ್ಸ್, ನಿಜ. ಆದರೆ ದಾರಿ ನೋಡಿ: ಅಳತೆ ಸಾಧನ, ಕ್ವಾರಿ, ಜಲ್ಲಿ, ಕಾಂಕ್ರೀಟ್, ಮನೆ. ಇದು ಪೂರ್ತಿ ನಮ್ಮದೇ ಕಸುಬಿನ ದಾರಿ.

ಇತ್ತೀಚಿನದು ಬೇಕಿದ್ದರೆ, 2023ರ ಜನವರಿಯಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗಣಿಯಿಂದ ಸುಮಾರು 1400 ಕಿಲೋಮೀಟರ್ ದೂರ ಪರ್ತ್‌ಗೆ ಸಾಗಿಸುತ್ತಿದ್ದ ಗೇಜ್ ಒಂದು ದಾರಿಯ ಅಲುಗಾಟಕ್ಕೆ ಬಿಚ್ಚಿಕೊಂಡು, ಬೋಲ್ಟ್ ಬಿದ್ದುಹೋಗಿ, 8 ಮಿಲಿಮೀಟರ್ ಉದ್ದದ ಸೀಸಿಯಂ ಕ್ಯಾಪ್ಸೂಲ್ ರಸ್ತೆಗೆ ಜಾರಿತ್ತು. ಪೆಟ್ಟಿಗೆ ತಲುಪಿದ ಮೇಲೂ ಕೆಲವು ದಿನ ಯಾರೂ ತೆರೆದು ನೋಡಿರಲಿಲ್ಲ, ತೆರೆದಾಗಲೇ ಗೊತ್ತಾಗಿದ್ದು. ಡಿಟೆಕ್ಟರ್ ಹೊತ್ತ ಗಾಡಿಗಳನ್ನು ಓಡಿಸಿ ಫೆಬ್ರವರಿ 1ರಂದು ರಸ್ತೆ ಬದಿಯಲ್ಲಿ ಪತ್ತೆ ಮಾಡಿದರು. ಅವರು ಅದನ್ನು ಬಹಿರಂಗವಾಗಿ ಹೇಳಿದ್ದರಿಂದ, ಎಲ್ಲರೂ ಹುಡುಕಿದ್ದರಿಂದ ಸಿಕ್ಕಿತು. ಮುಚ್ಚಿಟ್ಟಿದ್ದರೆ ಯಾರದೋ ಟೈರಿನ ಸಂದಿನಲ್ಲಿ ಇನ್ನೆಲ್ಲಿಗೋ ಹೋಗುತ್ತಿತ್ತು.

ಗುಜರಿಗೆ ಹೋದರಂತೂ ಇನ್ನೂ ಕೆಟ್ಟದ್ದು. 1998ರಲ್ಲಿ ಸ್ಪೇನಿನ ಒಂದು ಉಕ್ಕಿನ ಕಾರ್ಖಾನೆಯಲ್ಲಿ ಗುಜರಿ ಜೊತೆ ಬಂದ ಸೀಸಿಯಂ ಸೋರ್ಸ್ ಕುಲುಮೆಯಲ್ಲಿ ಕರಗಿ, ಅದರ ಹೊಗೆಯ ಅಂಶ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್‌ನ ಗಾಳಿಯಲ್ಲೂ ಸಿಕ್ಕಿತ್ತು.

ತಪ್ಪಿಸುವುದು ಹೇಗೆ ಅನ್ನುವುದಕ್ಕೆ ದೊಡ್ಡ ಭಾಷಣ ಬೇಕಿಲ್ಲ. ಗೇಜ್ ನೆಲದ ಮೇಲಿದ್ದಷ್ಟು ಹೊತ್ತು ಟೆಕ್ನಿಶಿಯನ್ ಅದನ್ನು ಬಿಟ್ಟು ಹೋಗಬಾರದು, ಎರಡು ಮೂರು ಮೀಟರ್ ದೂರದಲ್ಲಿ, ಯಂತ್ರಗಳು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಬೇಕು. ರೀಡಿಂಗ್ ಶುರು ಮಾಡುವ ಮುಂಚೆ ಡ್ರೈವರ್ ಕಣ್ಣಲ್ಲಿ ಕಣ್ಣಿಟ್ಟು ಕೈಸನ್ನೆ ಮಾಡಿ, ಅವರು ತಲೆ ಆಡಿಸಿದ ಮೇಲೆಯೇ ಬಟನ್ ಒತ್ತಿ. ಮುಗಿದ ತಕ್ಷಣ ರಾಡ್ ಮೇಲೆ. ಅಷ್ಟೇ. ಆ ಒಂದು ನಿಮಿಷ ರೋಲರ್ ನಿಲ್ಲಿಸಿದರೆ ಕೆಲಸ ತಡವಾಗುತ್ತದೆ ಅನ್ನುವ ಸೂಪರ್‌ವೈಸರ್‌ಗೆ, ಗೇಜ್ ಜಜ್ಜಿದ ದಿನ ಸೈಟ್ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ತಿಳಿಸಿ ಹೇಳಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು, ಅವುಗಳಲ್ಲಿ ಮೂರನ್ನು ಬರೆಯುತ್ತೇನೆ.

"ಸರ್, ನಾನು ಡ್ರೈವರ್. ಅದರ ಮೇಲೆ ಹತ್ತು ನಿಮಿಷ ಕೂತಿದ್ದರೆ ನನಗೇನಾಗುತ್ತದೆ?" ಸೀಟು ನೆಲದಿಂದ ಸುಮಾರು 2 ಮೀಟರ್ ಮೇಲಿದೆ ಅಂದುಕೊಳ್ಳೋಣ. ಸೋರ್ಸ್ ಪೂರ್ತಿ ಬರಿಮೈಯಲ್ಲಿದ್ದರೂ ಗಂಟೆಗೆ 6 ಮೈಕ್ರೋಸೀವರ್ಟ್, ಹತ್ತು ನಿಮಿಷಕ್ಕೆ 1. ನಡುವೆ ಡ್ರಮ್ಮಿನ ಉಕ್ಕೂ ಇದೆ. ಮನುಷ್ಯರಿಗೆ ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ, ಆ ಲೆಕ್ಕದಲ್ಲಿ ಇದು ನಾಲ್ಕು ಗಂಟೆಯ ಪಾಲು. ನಿಶ್ಚಿಂತೆಯಾಗಿರಿ, ಆದರೆ ಬೂಟು ನೋಡಿಸಿಕೊಳ್ಳದೆ ಮನೆಗೆ ಹೋಗಬೇಡಿ.

"ಸೈಟಿನಲ್ಲಿ ಸರ್ವೆ ಮೀಟರ್ ಇಲ್ಲದಿದ್ದರೆ?" ಟೇಪ್ ಕಟ್ಟಿ, ಕಾವಲಿಟ್ಟು, ಮೀಟರ್ ಬರುವ ತನಕ ಕಾಯಿರಿ. ಅಂದಾಜಿನ ಮೇಲೆ ಒಳಗೆ ಹೋಗಬೇಡಿ. ಗೇಜ್ ಇರುವ ಕಡೆ ಬೇಗ ಕೈಗೆ ಸಿಗುವಂತೆ ಮೀಟರ್ ಇಲ್ಲ ಅಂದರೆ ಅಲ್ಲಿ ಗೇಜ್ ಕೆಲಸವನ್ನೇ ಶುರು ಮಾಡಬಾರದಿತ್ತು.

"ಜಜ್ಜಿದ ಗೇಜ್ ರಿಪೇರಿ ಮಾಡಿಸಬಹುದಾ?" ತಯಾರಕರು ಅಥವಾ ಪರವಾನಗಿ ಇರುವ ಸರ್ವಿಸ್‌ನವರು ಮಾತ್ರ ಅದನ್ನು ಹೇಳಬಲ್ಲರು, ವೈಪ್ ಟೆಸ್ಟ್ ಫಲಿತಾಂಶ ಬಂದ ಮೇಲೆ. ಮಾಮೂಲಿ ಸಾಗಣೆ ಪೆಟ್ಟಿಗೆಗೆ ಹಾಕಿ ಪಿಕಪ್‌ನಲ್ಲಿ ಕಳಿಸುವಂತಿಲ್ಲ, ರಕ್ಷಣೆ ಹೋದ ಗೇಜ್‌ಗೆ ಆ ಪೆಟ್ಟಿಗೆಯ ಲೇಬಲ್ ಸುಳ್ಳಾಗುತ್ತದೆ. ಯಾವುದರಲ್ಲಿ, ಹೇಗೆ ಕಳಿಸಬೇಕು ಅಂತ ನಿಯಂತ್ರಣ ಸಂಸ್ಥೆಯನ್ನು ಕೇಳಿಯೇ ಕಳಿಸಬೇಕು. ರಿಪೇರಿ ಆಗುವುದಿಲ್ಲ ಅಂದರೆ ಸೋರ್ಸ್ ತಯಾರಕರಿಗೋ ಅಧಿಕೃತ ವಿಲೇವಾರಿ ಕೇಂದ್ರಕ್ಕೋ ಹಿಂದಿರುಗಬೇಕು. ಅವರು ಕೊಡುವ ರಸೀದಿಯಲ್ಲಿ ಗೇಜ್‌ನ ನಂಬರ್ ಮಾತ್ರ ಇದ್ದರೆ ಒಪ್ಪಬೇಡಿ. ಸೀಸಿಯಂ ಕ್ಯಾಪ್ಸೂಲ್‌ನ ಸೀರಿಯಲ್ ನಂಬರ್, ಅಮೆರಿಸಿಯಂ ಕ್ಯಾಪ್ಸೂಲ್‌ನ ಸೀರಿಯಲ್ ನಂಬರ್, ಎರಡನ್ನೂ ಬರೆಸಿಕೊಂಡು ನಿಮ್ಮ ರಿಜಿಸ್ಟರ್‌ಗೆ ತಾಳೆ ನೋಡಿ, ಆಮೇಲೆ ಸಹಿ ಹಾಕಿ.